ಆಯುಧಪೂರ್ವ ಕಾಲದ ಮಾನವ ಪೂರ್ವಜರು: ಆತ್ಮರಕ್ಷಣೆ ಮತ್ತು ಬೇಟೆ

ಕಲ್ಲನ್ನು ಒಡೆದು ಚೂಪಾದ ಅಂಚು ಪಡೆಯುವ ಕೌಶಲ ಕೈಗೂಡುವ ಮೊದಲು ಆಫ್ರಿಕದ ಕಾಡು ಮತ್ತು ಹುಲ್ಲುಗಾವಲುಗಳಲ್ಲಿ ಲಕ್ಷಾಂತರ ವರ್ಷಗಳ ಕಾಲ ಬಾಳಿದ ಮಾನವ ಪೂರ್ವಜರು ಹಿಂಸ್ರಪ್ರಾಣಿಗಳಿಂದ ಹೇಗೆ ತಪ್ಪಿಸಿಕೊಂಡರು, ತಾವೇ ಪ್ರಾಣಿಗಳನ್ನು ಹಿಡಿಯುತ್ತಿದ್ದರೆ ಯಾವುದನ್ನು ಹೇಗೆ ಹಿಡಿದರು ಎಂಬ ಪ್ರಶ್ನೆಗಳಿಗೆ ಮುಖ್ಯವಾಗಿ ಎರಡು ಕಡೆಯಿಂದ ಉತ್ತರ ದೊರೆಯುತ್ತದೆ. ಒಂದು, ಪಳೆಯುಳಿಕೆಗಳು, ಅಂದರೆ ಕಲ್ಲಾಗಿ ಉಳಿದ ಮೂಳೆ ಹಲ್ಲುಗಳು ಮತ್ತು ಅವುಗಳ ಮೇಲೆ ಮೂಡಿರುವ ಗಾಯದ ಗುರುತುಗಳು. ಇನ್ನೊಂದು, ಇಂದಿಗೂ ಅದೇ ಬಗೆಯ ಪರಿಸರದಲ್ಲಿ ಚಿರತೆ ಸಿಂಹಗಳ ನಡುವೆ ಬರಿಗೈಯಲ್ಲಿ ಬದುಕುತ್ತಿರುವ ಚಿಂಪಾಂಜಿ, ಬಬೂನ್ ಮೊದಲಾದ ವಾನರಗಳ ನಡವಳಿಕೆ. ಚಿಂಪಾಂಜಿಗಳ ವಂಶದಿಂದ ಕವಲೊಡೆದ ಮೇಲೆ ಮನುಷ್ಯನತ್ತ ಸಾಗಿದ ಶಾಖೆಗೆ ಸೇರಿದ ಎಲ್ಲ ಪ್ರಭೇದಗಳನ್ನೂ ವಿಜ್ಞಾನಿಗಳು ಹೋಮಿನಿನ್ ಎಂದು ಕರೆಯುತ್ತಾರೆ. ಇಲ್ಲಿ ಪೂರ್ವಜರು ಎಂದಾಗಲೆಲ್ಲ ಈ ಶಾಖೆಯ ಜೀವಿಗಳೆಂದೇ ಅರ್ಥ.

ಕಾಲದ ಎಲ್ಲೆಯನ್ನು ಸ್ಥೂಲವಾಗಿ ಹೀಗೆ ಗುರುತಿಸಬಹುದು. 2001ರಲ್ಲಿ ಚಾಡ್ ದೇಶದ ಮರುಭೂಮಿಯಲ್ಲಿ ದೊರೆತ ಸಹೆಲಾಂತ್ರೊಪಸ್ ತಲೆಬುರುಡೆ ಸುಮಾರು 70 ಲಕ್ಷ ವರ್ಷ ಹಳೆಯದು, ಮತ್ತು ಈ ಶಾಖೆಯ ಅತ್ಯಂತ ಹಿಂದಿನ ಸದಸ್ಯನೆಂದು ಅನೇಕರು ಅದನ್ನೇ ಎಣಿಸುತ್ತಾರೆ. ಕೆನ್ಯದ ತುರ್ಕಾನ ಸರೋವರದ ಪಶ್ಚಿಮಕ್ಕಿರುವ ಲೊಮೆಕ್ವಿ ಎಂಬಲ್ಲಿ ಸೋನಿಯಾ ಹರ್ಮಾಂಡ್ ಅವರ ತಂಡ ಪತ್ತೆಹಚ್ಚಿ 2015ರಲ್ಲಿ ಪ್ರಕಟಿಸಿದ ಒರಟು ಕಲ್ಲಿನ ಉಪಕರಣಗಳು 33 ಲಕ್ಷ ವರ್ಷದಷ್ಟು ಹಿಂದಿನವು. ಇವೆರಡರ ನಡುವಿನ ದೀರ್ಘ ಅವಧಿಯೇ ಈ ಲೇಖನದ ವಿಷಯ, ಸಾಕ್ಷ್ಯಕ್ಕಾಗಿ ಅದಕ್ಕಿಂತ ಈಚಿನ ಕೆಲವು ಪಳೆಯುಳಿಕೆಗಳನ್ನೂ ನೋಡಲಾಗಿದೆ. ಈ ಅವಧಿಯನ್ನು ಆಯುಧಪೂರ್ವ ಎನ್ನುವುದು ಕಲ್ಲಿನ ಮಟ್ಟಿಗೆ ಮಾತ್ರ ಸರಿ. ಕೋಲು, ಕೊಂಬೆ, ಸೊಪ್ಪುಗಳನ್ನು ಬಳಸಿದ್ದರೂ ಅವು ಕೊಳೆತು ಹೋಗಿರುತ್ತವೆ, ಹಾಗೂ ಚಿಂಪಾಂಜಿಗಳೇ ಕಡ್ಡಿಗಳನ್ನು ಸವರಿ ಗೆದ್ದಲು ಹಿಡಿಯುವುದನ್ನು ಜೇನ್ ಗುಡಾಲ್ 1960ರಲ್ಲಿ ಗೊಂಬೆ ಎಂಬ ಕಾಡಿನಲ್ಲಿ ಕಂಡಿರುವುದರಿಂದ, ಪೂರ್ವಜರ ಕೈಗಳು ಎಂದೂ ಪೂರ್ತಿ ಬರಿದಾಗಿರಲಿಲ್ಲ ಎಂದು ಊಹಿಸುವುದೇ ಯುಕ್ತ. ಈ ಅಧ್ಯಾಯ ಸಂಪೂರ್ಣವಾಗಿ ಆಫ್ರಿಕಕ್ಕೆ ಸೇರಿದ್ದು. ಕರ್ನಾಟಕದ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಕೆ. ಪದ್ದಯ್ಯ ಅವರು ಉತ್ಖನನ ನಡೆಸಿದ, ಸುಮಾರು 12 ಲಕ್ಷ ವರ್ಷ ಹಿಂದಿನದೆಂದು ಅಂದಾಜಿಸಲಾಗಿರುವ ಸುಣ್ಣಕಲ್ಲಿನ ಕೊಡಲಿ ತಯಾರಿಕೆಯ ನೆಲೆಯಾಗಲಿ, ತಮಿಳುನಾಡಿನ ಅತ್ತಿರಂಪಾಕ್ಕಂ ಆಗಲಿ ನುರಿತ ಕಲ್ಲುಕೆಲಸಗಾರರ ನೆಲೆಗಳು. ನಮ್ಮ ನೆಲಕ್ಕೆ ಮನುಷ್ಯಕುಲ ಕಾಲಿಟ್ಟದ್ದು ಆಯುಧ ಕೈಗೆ ಬಂದ ಮೇಲೆ.

ದೇಹಬಲದ ಮಿತಿ

1974ರಲ್ಲಿ ಇಥಿಯೋಪಿಯದ ಹಡಾರ್‌ನಲ್ಲಿ ಡೊನಾಲ್ಡ್ ಜೊಹಾನ್ಸನ್ ಅವರಿಗೆ ಸಿಕ್ಕ, ಲೂಸಿ ಎಂಬ ಹೆಸರಿನಿಂದ ಪ್ರಸಿದ್ಧವಾದ ಅಸ್ಥಿಪಂಜರ ಸುಮಾರು 32 ಲಕ್ಷ ವರ್ಷ ಹಿಂದೆ ಬದುಕಿದ್ದ ಆಸ್ಟ್ರಲೊಪಿತಿಕಸ್ ಅಫರೆನ್ಸಿಸ್ ಪ್ರಭೇದದ ಹೆಣ್ಣಿನದು. ಬೆಳೆದು ನಿಂತಾಗಲೂ ಆಕೆಯ ಎತ್ತರ 1.1 ಮೀಟರಿನ ಆಸುಪಾಸಿನಲ್ಲಿತ್ತು, ತೂಕ 30 ಕಿಲೋಗ್ರಾಮಿನ ಒಳಗಿತ್ತು; ಗಂಡುಗಳು ಇದಕ್ಕಿಂತ ದೊಡ್ಡವಾದರೂ ಇಂದಿನ ಮನುಷ್ಯನಷ್ಟು ಬೆಳೆಯುತ್ತಿರಲಿಲ್ಲ. ಈ ಗಾತ್ರದ ಪ್ರಾಣಿ ಚಿರತೆಗೆ ತಕ್ಕ ಬೇಟೆ. ಎರಡು ಕಾಲಿನ ನಡಿಗೆ ಆಗಲೇ ರೂಢಿಯಾಗಿತ್ತೆಂಬುದಕ್ಕೆ ತಾಂಜಾನಿಯದ ಲಾಯೆಟೋಲಿಯಲ್ಲಿ ಮೇರಿ ಲೀಕಿ ಅವರ ತಂಡ ಜ್ವಾಲಾಮುಖಿಯ ಬೂದಿಯ ಪದರದಲ್ಲಿ ಕಂಡ 36 ಲಕ್ಷ ವರ್ಷಕ್ಕೂ ಹಿಂದಿನ ಹೆಜ್ಜೆಗುರುತುಗಳು ಸಾಕ್ಷಿ. ಆದರೆ ಎರಡು ಕಾಲಿನಲ್ಲಿ ನಡೆಯಬಲ್ಲ ಜೀವಿ ನಾಲ್ಕು ಕಾಲಿನ ಬೆನ್ನಟ್ಟುವ ಮೃಗಕ್ಕಿಂತ ವೇಗವಾಗಿ ಓಡಲಾರದು, ಥಟ್ಟನೆ ತಿರುಗಿ ನುಸುಳಲೂ ಆರದು. ಇದಕ್ಕಿಂತ ವಿಚಿತ್ರವಾದ ಸಂಗತಿ ಹಲ್ಲಿನದು. ಗಂಡು ಬಬೂನ್ ಮತ್ತು ಗಂಡು ಚಿಂಪಾಂಜಿಗಳಿಗೆ ಕಠಾರಿಯಂಥ ಕೋರೆಹಲ್ಲುಗಳಿವೆ. 44 ಲಕ್ಷ ವರ್ಷ ಹಿಂದಿನ ಆರ್ಡಿಪಿತಿಕಸ್‌ನ ಕಾಲಕ್ಕೇ ಪೂರ್ವಜರ ಗಂಡುಗಳಲ್ಲಿ ಈ ಹಲ್ಲು ಕುಗ್ಗಿಹೋಗಿತ್ತು. ವೇಗ, ಕೋರೆ, ಕಲ್ಲಿನ ಆಯುಧ ಮೂರೂ ಇಲ್ಲದ ಜೀವಿ ನಲವತ್ತು ಲಕ್ಷ ವರ್ಷಗಳಷ್ಟು ದೀರ್ಘಕಾಲ ಅಳಿಯದೆ ಉಳಿದದ್ದೇ ವಿವರಣೆ ಬೇಡುವ ಸಂಗತಿ.

ಎದುರಾಳಿಗಳೇನೂ ಕಡಿಮೆಯಿರಲಿಲ್ಲ. ಅಂದಿನ ಆಫ್ರಿಕದಲ್ಲಿ ಮೇಲಿನ ಕೋರೆಹಲ್ಲು ಬಾಕಿನಂತೆ ಕೆಳಗಿಳಿದಿದ್ದ ಮೆಗಂಟೆರಿಯನ್, ಹೊಮೊತೀರಿಯಮ್ ಎಂಬ ದೊಡ್ಡ ಬೆಕ್ಕುಗಳೂ, ಚಿರತೆಗಿಂತ ಭಾರವಾದ ಡೈನೊಫೆಲಿಸ್ ಎಂಬುದೂ, ಬೆನ್ನಟ್ಟಿ ಬೇಟೆಯಾಡುವ ಉದ್ದಕಾಲಿನ ಕತ್ತೆಕಿರುಬಗಳೂ ಇದ್ದವು; ನೀರಿನಲ್ಲಿ ಮೊಸಳೆ, ಆಕಾಶದಲ್ಲಿ ದೊಡ್ಡ ಹದ್ದು, ಹುಲ್ಲಿನಲ್ಲಿ ವಿಷದ ಹಾವು ಎಂದಿನಂತೆ ಇದ್ದವು. ಕಾಲಕ್ರಮದಲ್ಲಿ ಬಾಕುಹಲ್ಲಿನ ಬೆಕ್ಕುಗಳೆಲ್ಲ ಅಳಿದುಹೋದವು, ಚಿರತೆ ಉಳಿಯಿತು.

ಗಾಯಗಳ ಸಾಕ್ಷ್ಯ

ಪೂರ್ವಜರು ಬೇಟೆಗಾರರಾಗಿದ್ದರೇ ಬೇಟೆಯಾಗಿದ್ದರೇ ಎಂಬ ಚರ್ಚೆಗೆ ದಕ್ಷಿಣ ಆಫ್ರಿಕದ ಸುಣ್ಣಕಲ್ಲಿನ ಗುಹೆಗಳೇ ರಂಗಸ್ಥಳ. 1924ರಲ್ಲಿ ಟೌಂಗ್ ಎಂಬಲ್ಲಿನ ಕಲ್ಲುಗಣಿಯಲ್ಲಿ ಸಿಕ್ಕ ಮಗುವಿನ ತಲೆಬುರುಡೆಯನ್ನು ಅಧ್ಯಯನ ಮಾಡಿ ಮರುವರ್ಷ ಆಸ್ಟ್ರಲೊಪಿತಿಕಸ್ ಆಫ್ರಿಕಾನಸ್ ಎಂಬ ಹೆಸರನ್ನಿತ್ತವರು ರೇಮಂಡ್ ಡಾರ್ಟ್. ಮುಂದೆ ಮಕಪನ್ಸ್‌ಗಾಟ್ ಗುಹೆಯಲ್ಲಿ ದೊರೆತ ಸಾವಿರಾರು ಒಡೆದ ಮೂಳೆಗಳನ್ನು ನೋಡಿದ ಅವರು, ಜಿಂಕೆಯ ತೋಳುಮೂಳೆಯನ್ನು ಗದೆಯಂತೆಯೂ ದವಡೆಯನ್ನು ಗರಗಸದಂತೆಯೂ ಕೊಂಬನ್ನು ಇರಿಯುವ ಕತ್ತಿಯಂತೆಯೂ ಬಳಸಿದ ಒಂದು ಕೊಲೆಗಡುಕ ಪೂರ್ವಜನ ಚಿತ್ರವನ್ನು ಕಟ್ಟಿದರು. ಕಲ್ಲಿಗೂ ಮುಂಚಿನ ಮೂಳೆ, ಹಲ್ಲು, ಕೊಂಬಿನ ಸಂಸ್ಕೃತಿ ಎಂಬ ಈ ಕಲ್ಪನೆಯನ್ನು ನಾಟಕಕಾರ ರಾಬರ್ಟ್ ಆರ್ಡ್ರಿ 1961ರ ತಮ್ಮ ಪುಸ್ತಕದ ಮೂಲಕ ಜನಪ್ರಿಯಗೊಳಿಸಿದರು.

ಇದನ್ನು ಅಲುಗಾಡಿಸಿದ್ದು ಆಡಿನ ಮೂಳೆ. ಸಿ. ಕೆ. ಬ್ರೇನ್ ಎಂಬ ಸಂಶೋಧಕರು 1960ರ ದಶಕದಲ್ಲಿ ನಮೀಬಿಯದ ಕುಯ್ಸೆಬ್ ನದಿಯ ಬದಿಯ ಹಳ್ಳಿಗಳಲ್ಲಿ, ಜನ ತಿಂದು ಎಸೆದು ನಾಯಿಗಳು ಕಚ್ಚಿ ಬಿಟ್ಟ ಆಡಿನ ಮೂಳೆಗಳನ್ನು ಆಯ್ದು ಎಣಿಸಿದರು. ತೋಳುಮೂಳೆಯ ಕೆಳತುದಿ ಬೇಗ ಬಲಿತು ಗಟ್ಟಿಯಾಗುವುದರಿಂದ ಅದು ಬಹುಸಂಖ್ಯೆಯಲ್ಲಿ ಉಳಿದಿತ್ತು, ಮೃದುವಾದ ಮೇಲ್ತುದಿ ಹೆಚ್ಚುಕಡಿಮೆ ಮಾಯವಾಗಿತ್ತು. ಡಾರ್ಟ್ ಅವರು ಪೂರ್ವಜರು ಆಯ್ದು ತಂದ ಗದೆಗಳೆಂದು ತಿಳಿದದ್ದು ಇದೇ ಕೆಳತುದಿಯನ್ನು. ಮಕಪನ್ಸ್‌ಗಾಟ್‌ನ ಮೂಳೆಗಳ ಪ್ರಮಾಣವೂ ಕುಯ್ಸೆಬ್‌ನ ಆಡುಗಳದ್ದೂ ಬಹುಮಟ್ಟಿಗೆ ಒಂದೇ ಬಗೆಯಾಗಿತ್ತು. ಅಲ್ಲಿ ಆಯ್ಕೆ ಮಾಡಿದ್ದು ಮನುಷ್ಯನ ಕೈಯಲ್ಲ, ಮೃಗಗಳ ದವಡೆ. ಇದಕ್ಕಿಂತ ನೇರವಾದ ಸಾಕ್ಷ್ಯ ಸ್ವಾರ್ಟ್‌ಕ್ರಾನ್ಸ್ ಗುಹೆಯಿಂದ ಬಂತು. ಅಲ್ಲಿ ಸಿಕ್ಕ ಪರಾಂತ್ರೊಪಸ್ ಎಂಬ ದಪ್ಪ ದವಡೆಯ ಸೋದರ ಪ್ರಭೇದದ ಎಳೆಯನೊಬ್ಬನ ತಲೆಚಿಪ್ಪಿನಲ್ಲಿ ಎರಡು ತೂತುಗಳಿದ್ದವು. ಅದೇ ಗುಹೆಯ ಚಿರತೆಯ ಪಳೆಯುಳಿಕೆಯೊಂದರ ಕೆಳದವಡೆಯನ್ನು ಹಿಡಿದು ನೋಡಿದಾಗ ಅದರ ಎರಡು ಕೋರೆಹಲ್ಲುಗಳು ಆ ತೂತುಗಳಿಗೆ ಸರಿಯಾಗಿ ಕೂತವು. ಚಿರತೆ ತಲೆಯನ್ನು ಬಾಯಲ್ಲಿ ಕಚ್ಚಿಹಿಡಿದು ದೇಹವನ್ನು ಮರದ ಕಡೆಗೆ ಎಳೆದೊಯ್ದಿರಬೇಕು. ಆ ಸೀಮೆಯಲ್ಲಿ ನೀರಿನ ಪಸೆ ಹುಡುಕಿ ಮರಗಳು ಗುಹೆಯ ಬಾಯಿಯಲ್ಲೇ ಬೆಳೆಯುತ್ತವೆ, ಚಿರತೆ ಕತ್ತೆಕಿರುಬಗಳ ಕಾಟ ತಪ್ಪಿಸಲು ಬೇಟೆಯನ್ನು ಕೊಂಬೆಗೆ ಏರಿಸುತ್ತದೆ, ತಿಂದುಳಿದ ಮೂಳೆ ನೇರ ಗುಹೆಯೊಳಕ್ಕೆ ಬೀಳುತ್ತದೆ. ಗುಹೆಯೊಳಗೆ ಪೂರ್ವಜರ ಮೂಳೆ ಸಿಕ್ಕಿದ್ದರಿಂದಲೇ ಅವರು ಗುಹಾವಾಸಿಗಳೆಂದು ಹೇಳಲಾಗದು ಎಂಬ ಈ ವಾದವನ್ನು ಬ್ರೇನ್ 1981ರಲ್ಲಿ ಗ್ರಂಥವಾಗಿ ಮಂಡಿಸಿದರು. ಡಾರ್ಟ್ ಅವರ ವಾದ ಬಿದ್ದು ಇಷ್ಟು ಕಾಲವಾದರೂ ಚಿತ್ರಪುಸ್ತಕಗಳಲ್ಲಿ ದೊಣ್ಣೆ ಹಿಡಿದು ಗುಹೆಯ ಬಾಯಲ್ಲಿ ನಿಂತ ಆದಿಮಾನವ ಮಾತ್ರ ಇನ್ನೂ ನಿವೃತ್ತನಾಗಿಲ್ಲ.

ಟೌಂಗ್ ಮಗುವಿನ ಕಥೆಯೂ ಕಡೆಗೆ ಇದೇ ಜಾಡಿಗೆ ಬಂತು. ಸುಮಾರು ಮೂರುನಾಲ್ಕು ವರ್ಷದ ಆ ಮಗುವನ್ನು ಕೊಂದದ್ದು ಹದ್ದಿರಬೇಕೆಂದು ಲೀ ಬರ್ಗರ್ ಮತ್ತು ರಾನ್ ಕ್ಲಾರ್ಕ್ 1995ರಲ್ಲಿ ಸೂಚಿಸಿದರು. ಇಂದಿನ ಆಫ್ರಿಕದ ಜುಟ್ಟುಹದ್ದು ಕೊಂದ ಕೋತಿಗಳ ತಲೆಬುರುಡೆಗಳಲ್ಲಿ ಕಣ್ಣುಗುಳಿಯ ತಳದಲ್ಲಿ ಕಾಣುವಂಥ ಚುಚ್ಚುಗುರುತುಗಳೇ ಟೌಂಗ್ ಮಗುವಿನ ಕಣ್ಣುಗುಳಿಯಲ್ಲೂ ಇರುವುದನ್ನು ಬರ್ಗರ್ 2006ರಲ್ಲಿ ತೋರಿಸಿದರು. ಈ ಹದ್ದು ತನಗಿಂತ ಹಲವು ಪಟ್ಟು ಭಾರವಾದ ಪ್ರಾಣಿಗಳನ್ನು ಕೊಲ್ಲಬಲ್ಲುದು.

ರಕ್ಷಣೆಯ ಉಪಾಯಗಳು

ಮೊದಲನೆಯ ರಕ್ಷಣೆ ಮರ. ಲೂಸಿಯ ಕೈಗಳು ಉದ್ದವಾಗಿವೆ, ಬೆರಳೆಲುಬುಗಳು ಕೊಂಬೆ ಹಿಡಿಯಲು ಅನುವಾಗುವಂತೆ ಬಾಗಿವೆ. ಹಡಾರ್‌ಗೆ ಸಮೀಪದ ಡಿಕಿಕದಲ್ಲಿ ಸಿಕ್ಕ, ಸೆಲಾಮ್ ಎಂದು ಕರೆಯಲಾಗುವ 33 ಲಕ್ಷ ವರ್ಷ ಹಿಂದಿನ ಹೆಣ್ಣುಮಗುವಿನ ಭುಜದ ಎಲುಬು ಗೊರಿಲ್ಲದ್ದನ್ನು ಹೋಲುತ್ತದೆ, ಪಾದದ ಹೆಬ್ಬೆರಳಿಗೆ ಅಷ್ಟಿಷ್ಟು ಹಿಡಿತದ ಶಕ್ತಿಯಿತ್ತೆಂದೂ 2018ರಲ್ಲಿ ತಿಳಿದುಬಂತು. ನೆಲದ ಮೇಲೆ ಎರಡು ಕಾಲಿನಲ್ಲಿ ನಡೆಯುತ್ತಿದ್ದರೂ ಅಪಾಯ ಕಂಡಾಗ, ಮುಖ್ಯವಾಗಿ ಕತ್ತಲಾದಾಗ, ಈ ಜೀವಿಗಳು ಮರವೇರುತ್ತಿದ್ದವೆಂದು ಹೆಚ್ಚಿನ ತಜ್ಞರು ಒಪ್ಪುತ್ತಾರೆ. ಚಿಂಪಾಂಜಿಗಳು ದಿನದಿನವೂ ಸಂಜೆ ಕೊಂಬೆಗಳನ್ನು ಬಗ್ಗಿಸಿ ಹೆಣೆದು ಎಲೆಯ ಹಾಸಿಗೆ ಮಾಡಿಕೊಂಡು ಮಲಗುತ್ತವೆ. ಮರಗಳಿಲ್ಲದ ಕಡೆ ಬಬೂನುಗಳು ಕಡಿದಾದ ಬಂಡೆಯ ಅಂಚನ್ನು ಆಶ್ರಯಿಸುತ್ತವೆ. ದೊಡ್ಡ ಬೆಕ್ಕುಗಳ ಬೇಟೆ ಹೆಚ್ಚಾಗಿ ಮುಸ್ಸಂಜೆಯಿಂದ ಬೆಳಗಿನವರೆಗೆ ನಡೆಯುವುದರಿಂದ ಹಗಲಿನಲ್ಲಿ ಓಡಾಡಿ ಇರುಳಿನಲ್ಲಿ ಎತ್ತರದಲ್ಲಿ ತಂಗುವುದೇ ಅರ್ಧ ಅಪಾಯವನ್ನು ಕಳೆಯುತ್ತಿತ್ತು. ಮರಕ್ಕೂ ಬೆಲೆ ತೆರಬೇಕಾಗುತ್ತಿತ್ತು: ಲೂಸಿಯ ಎಲುಬುಗಳ ಮುರಿತಗಳನ್ನು ಪರೀಕ್ಷಿಸಿದ ಜಾನ್ ಕ್ಯಾಪಲ್‌ಮನ್ ಅವರ ತಂಡ ಆಕೆ ಎತ್ತರದ ಮರದಿಂದ ಬಿದ್ದು ಸತ್ತಳೆಂದು 2016ರಲ್ಲಿ ವಾದಿಸಿತು. ಅಂಥ ಮುರಿತಗಳು ಹೂತ ಮೂಳೆಗಳಲ್ಲಿ ಸಾಮಾನ್ಯವೆಂದು ಜೊಹಾನ್ಸನ್ ಮೊದಲಾದವರು ಅದನ್ನು ಒಪ್ಪಿಲ್ಲ.

ಎರಡನೆಯದು ಗುಂಪು. ಒಂಟಿ ಪ್ರಾಣಿಗೆ ಎರಡು ಕಣ್ಣು, ಇಪ್ಪತ್ತರ ಹಿಂಡಿಗೆ ನಲವತ್ತು. ಹೊಂಚುಹಾಕಿ ಬರುವ ಚಿರತೆಗೆ ತಾನು ಕಾಣಿಸಿಕೊಂಡೆನೆಂಬ ಅರಿವಾದರೆ ಸಾಕು, ಅದು ಬಹಳ ಸಲ ಹಿಂದೆ ಸರಿಯುತ್ತದೆ. ಕೆನ್ಯದ ಅಂಬೊಸೆಲಿಯಲ್ಲಿ ವರ್ವೆಟ್ ಎಂಬ ಕೋತಿಗಳನ್ನು ಅಭ್ಯಸಿಸಿದ ರಾಬರ್ಟ್ ಸೈಫಾರ್ತ್ ಮತ್ತು ಡೊರೊತಿ ಚೇನಿ ದಂಪತಿ 1980ರಲ್ಲಿ ಪ್ರಕಟಿಸಿದಂತೆ, ಚಿರತೆಗೆ, ಹದ್ದಿಗೆ, ಹಾವಿಗೆ ಈ ಕೋತಿಗಳಲ್ಲಿ ಬೇರೆಬೇರೆ ಎಚ್ಚರಿಕೆಯ ಕೂಗುಗಳಿವೆ. ಧ್ವನಿಮುದ್ರಿಸಿದ ಕೂಗನ್ನು ಕೇಳಿಸಿದಾಗ ಚಿರತೆಯ ಕೂಗಿಗೆ ಮರವೇರುತ್ತವೆ, ಹದ್ದಿನ ಕೂಗಿಗೆ ಮೇಲೆ ನೋಡಿ ಪೊದೆ ಸೇರುತ್ತವೆ, ಹಾವಿನ ಕೂಗಿಗೆ ನಿಂತು ಹುಲ್ಲನ್ನು ದಿಟ್ಟಿಸುತ್ತವೆ. ಬಂಡೀಪುರ, ನಾಗರಹೊಳೆಗಳಲ್ಲಿ ಮುಸುವ ಮರದ ಮೇಲಿಂದ ಎಚ್ಚರಿಕೆಯ ಕೂಗು ಹಾಕಿದೊಡನೆ ಕೆಳಗಿನ ಜಿಂಕೆಗಳು ಬಾಲವೆತ್ತಿ ನಿಲ್ಲುವುದು, ಕಾಡಿನವರು ಆ ಸದ್ದಿನಿಂದಲೇ ಹುಲಿಯಿರುವ ದಿಕ್ಕನ್ನು ಹೇಳುವುದು ಇದೇ ವ್ಯವಸ್ಥೆಯ ಬಳಕೆ. ದಕ್ಷಿಣ ಭಾರತದ ಕಾಡುಗಳಲ್ಲಿ ಉಮಾ ರಾಮಕೃಷ್ಣನ್ ಮತ್ತು ರಿಚರ್ಡ್ ಕಾಸ್ ಚಿರತೆಯ ಮಾದರಿಗಳನ್ನಿಟ್ಟು ನೋಡಿದಾಗ ನಮ್ಮ ಸಾಮಾನ್ಯ ಕೋತಿಗಳು ಚುಕ್ಕೆಯುಳ್ಳ ಮಾದರಿಗೆ ಕಪ್ಪು ಮಾದರಿಗಿಂತ ಹೆಚ್ಚು ಬೆದರಿದವು. ಹಳದಿ ಮೈಯ ಮೇಲಿನ ಕಪ್ಪು ಚುಕ್ಕೆಯ ಭಯ ವಾನರಕುಲದಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂಬುದು ಇದರಿಂದ ತಿಳಿಯುತ್ತದೆ. ಪೂರ್ವಜರಿಗೆ ಮಾತು ಇಲ್ಲದಿದ್ದರೂ ಇಷ್ಟು ಮಟ್ಟಿನ ಕೂಗುಗಳಾದರೂ ಇದ್ದಿರಲೇಬೇಕು.

ಮೂರನೆಯದು ತಿರುಗಿಬೀಳುವುದು. ಡಚ್ ಪ್ರಾಣಿವಿಜ್ಞಾನಿ ಆಡ್ರಿಯಾನ್ ಕೋರ್ಟ್‌ಲಾಂಟ್ 1960ರ ದಶಕದಲ್ಲಿ ಹುಲ್ಲು ತುಂಬಿದ, ತಲೆ ಮತ್ತು ಬಾಲ ಆಡಿಸಬಲ್ಲ ಚಿರತೆಯೊಂದನ್ನು ಚಿಂಪಾಂಜಿಗಳ ದಾರಿಯಲ್ಲಿ ಇಟ್ಟರು. ಗಿನಿಯ ಬಯಲುಸೀಮೆಯ ಚಿಂಪಾಂಜಿಗಳು ಕಿರುಚುತ್ತ ಒಗ್ಗೂಡಿ, ದಪ್ಪ ಕೋಲುಗಳನ್ನು ಎತ್ತಿ ಅದನ್ನು ಬಡಿದವು. ದಟ್ಟ ಕಾಡಿನವುಗಳ ಹೊಡೆತ ಅಷ್ಟು ಗುರಿಯಾಗಿರಲಿಲ್ಲ. ಮರ ವಿರಳವಾದ ಕಡೆ ಕೋಲಿನ ಬಳಕೆ ಚುರುಕಾಗುತ್ತದೆಂಬ ಈ ಸೂಚನೆ, ಬಯಲಿಗಿಳಿದ ಪೂರ್ವಜರ ವಿಷಯದಲ್ಲಿ ಯೋಚಿಸುವವರಿಗೆ ಮುಖ್ಯವಾದದ್ದು. ತಾಂಜಾನಿಯದ ಮಹಾಲೆ ಬೆಟ್ಟಗಳಲ್ಲಿ ಚಿಂಪಾಂಜಿಗಳ ಗುಂಪೊಂದು ತಾಯಿ ಒಳಗಿರುವಾಗಲೇ ಚಿರತೆಯ ಗವಿಗೆ ನುಗ್ಗಿ ಮರಿಯನ್ನು ಹೊರಗೆಳೆದು ಕೊಂದದ್ದನ್ನು ಜಪಾನಿ ಸಂಶೋಧಕರು ದಾಖಲಿಸಿದ್ದಾರೆ. ಕಲ್ಲೆಸೆತವನ್ನೂ ಈ ಪಟ್ಟಿಗೆ ಸೇರಿಸುವುದು ರೂಢಿ. ಆದರೆ ಗುರಿಯಿಟ್ಟು ಬಲವಾಗಿ ಎಸೆಯಲು ಬೇಕಾದ ಭುಜದ ರಚನೆ ಪೂರ್ಣರೂಪದಲ್ಲಿ ಕಾಣಿಸುವುದು ಸುಮಾರು 20 ಲಕ್ಷ ವರ್ಷ ಹಿಂದಿನ, ನಮ್ಮದೇ ಕುಲದ ಹೋಮೊ ಎರೆಕ್ಟಸ್‌ನಲ್ಲಿ ಎಂದು ನೀಲ್ ರೋಚ್ ಅವರ ತಂಡ 2013ರಲ್ಲಿ ತೋರಿಸಿದೆ. ಅದಕ್ಕೂ ಹಿಂದಿನವರ ಎಸೆತ ಬೆದರಿಸಲು ಸಾಕಾಗಿದ್ದಿರಬಹುದು, ಕೊಲ್ಲಲು ಅಲ್ಲ. ಬೆಂಕಿಯ ಮಾತು ಇಲ್ಲಿ ಬರುವುದೇ ಇಲ್ಲ, ಏಕೆಂದರೆ ಅದರ ನಂಬಲರ್ಹ ಕುರುಹುಗಳು ಬಹಳ ಈಚಿನವು.

ಬರಿಗೈ ಬೇಟೆ

ಪೂರ್ವಜರ ಊಟದಲ್ಲಿ ಮಾಂಸದ ಪಾಲು ಸಣ್ಣದಾಗಿತ್ತು. ದಕ್ಷಿಣ ಆಫ್ರಿಕದ ಸ್ಟರ್ಕ್‌ಫೊಂಟೈನ್ ಗುಹೆಯ, ಸುಮಾರು 35 ಲಕ್ಷ ವರ್ಷ ಹಿಂದಿನ ಆಸ್ಟ್ರಲೊಪಿತಿಕಸ್ ಹಲ್ಲುಗಳ ಹೊರಕವಚದಲ್ಲಿ ಉಳಿದ ಸಾರಜನಕದ ಸಮಸ್ಥಾನಿಗಳನ್ನು, ಅಂದರೆ ಒಂದೇ ಮೂಲವಸ್ತುವಿನ ಬೇರೆಬೇರೆ ತೂಕದ ಪರಮಾಣುಗಳನ್ನು, 2025ರಲ್ಲಿ ಅಳೆದು ನೋಡಲಾಯಿತು. ಮಾಂಸಾಹಾರಿಗಳಲ್ಲಿ ಭಾರವಾದ ಸಾರಜನಕದ ಅಂಶ ಹೆಚ್ಚುತ್ತದೆ. ಈ ಹಲ್ಲುಗಳ ಲೆಕ್ಕ ಅದೇ ಸ್ಥಳದ ಸಸ್ಯಾಹಾರಿಗಳ ಲೆಕ್ಕಕ್ಕೆ ಹತ್ತಿರವಿತ್ತು. ಹಾಗೆಂದು ಮಾಂಸವೇ ಇರಲಿಲ್ಲವೆಂದಲ್ಲ. ಹಣ್ಣು, ಗೆಡ್ಡೆ, ಬೀಜಗಳನ್ನು ಹುಡುಕುತ್ತ ಹೋಗುವಾಗ ಗೆದ್ದಲು, ಮರಿಹುಳು, ಮೊಟ್ಟೆ, ಹಕ್ಕಿಮರಿ, ಓತಿ, ಆಮೆ ಸಿಕ್ಕರೆ ಬಿಡುವ ಜೀವಿ ಇದಲ್ಲ. ಈ ಹಂತದಲ್ಲಿ ಬೇಟೆಯನ್ನು ಆಯ್ದು ತಿನ್ನುವ ಕೆಲಸದ ಒಂದು ಭಾಗವೆಂದು ತಿಳಿಯುವುದೇ ಸರಿ. ಮುಂದಿನ ಕಾಲದ ಬೇಟೆಯ ಚಿತ್ರವನ್ನು ಹಿಂದಕ್ಕೆ ಒಯ್ದು ಹೊದಿಸಿದ್ದರಿಂದಲೇ ಡಾರ್ಟ್ ಅವರಂಥ ವಿದ್ವಾಂಸರೂ ದಾರಿ ತಪ್ಪಿದರು.

ಬರಿಗೈಯಲ್ಲಿ ಎಷ್ಟು ದೊಡ್ಡ ಪ್ರಾಣಿಯನ್ನು ಹಿಡಿಯಬಹುದೆಂಬುದಕ್ಕೆ ಬಬೂನುಗಳೇ ಅಳತೆಗೋಲು. ಕೆನ್ಯದ ಗಿಲ್‌ಗಿಲ್‌ನಲ್ಲಿ 1970ರ ದಶಕದಲ್ಲಿ ಶರ್ಲಿ ಸ್ಟ್ರಮ್ ಮತ್ತಿತರರು ಕಂಡಂತೆ ಅವು ಮೊಲಗಳನ್ನೂ ಹುಲ್ಲಿನಲ್ಲಿ ಅಡಗಿ ಮಲಗಿದ ಹುಲ್ಲೆಮರಿಗಳನ್ನೂ ಹಿಡಿದು ಹರಿದು ತಿನ್ನುತ್ತಿದ್ದವು. ಹುಲ್ಲೆಯ ತಾಯಿ ಮರಿಯನ್ನು ಹುಲ್ಲಿನಲ್ಲಿ ಅಲುಗಾಡದಂತೆ ಮಲಗಿಸಿ ಮೇಯಲು ಹೋಗುತ್ತದೆ. ವಾಸನೆಯಿಂದ ಹುಡುಕುವ ಮೃಗಗಳಿಗೆ ಅದು ಸಿಗುವುದು ಕಷ್ಟ, ಹಗಲಿನಲ್ಲಿ ಕಣ್ಣಿನಿಂದ ಹುಡುಕುವ ಎತ್ತರದ ಜೀವಿಗೆ ಸುಲಭ. ಇದನ್ನು ಸ್ವತಃ ಪರೀಕ್ಷಿಸಿ ನೋಡಿದವರು ಜಾರ್ಜ್ ಶಾಲರ್ ಮತ್ತು ಗಾರ್ಡನ್ ಲೌತರ್. ಕಾನ್ಹಾದ ಹುಲಿಗಳ ಅಧ್ಯಯನದಿಂದ ಭಾರತದಲ್ಲಿ ಹೆಸರಾದ ಶಾಲರ್, ಲೌತರ್ ಜೊತೆಗೂಡಿ ಸೆರೆಂಗೆಟಿಯ ಬಯಲಿನಲ್ಲಿ ಕಾಲ್ನಡಿಗೆಯಲ್ಲಿ ಅಲೆದು, ಆಯುಧವಿಲ್ಲದ ಮನುಷ್ಯನಿಗೆ ಎಷ್ಟು ಮಾಂಸ ದಕ್ಕೀತೆಂದು ಲೆಕ್ಕಹಾಕಿ 1969ರಲ್ಲಿ ಪ್ರಕಟಿಸಿದರು. ಹುಲ್ಲೆಮರಿ, ಮೊಲಗಳಲ್ಲದೆ ಕಾಯಿಲೆಬಿದ್ದ ಜೀಬ್ರಾಮರಿಯೊಂದು ಅವರ ಕೈಗೆ ಎಟುಕಿತು. ಓಡಿಹೋಗದೆ ವಿಚಿತ್ರವಾಗಿ ವರ್ತಿಸುತ್ತಿದ್ದ ಎಳೆಯ ಜಿರಾಫೆಯೊಂದರ ಬಳಿ ಹೋಗಿ ಬಾಲ ಹಿಡಿದಾಗ ಅದು ಕುರುಡೆಂದು ತಿಳಿಯಿತು. ಸಿಂಹಗಳು ತಿಂದು ಬಿಟ್ಟ ಪ್ರಾಣಿಗಳಲ್ಲೂ ಅಷ್ಟಿಷ್ಟು ಉಳಿದಿತ್ತು. ಮರಿಗಳು ಹುಟ್ಟುವ ಋತುವಿನಲ್ಲಿ ಬರಿಗೈಯವನಿಗೂ ಬಯಲು ಪೂರ್ತಿ ನಿರಾಶೆ ಮಾಡುವುದಿಲ್ಲವೆಂಬುದೇ ಇದರ ತಾತ್ಪರ್ಯ.

ಚಿಂಪಾಂಜಿಗಳ ಬೇಟೆ ಇದಕ್ಕಿಂತ ಸಂಘಟಿತ. ಐವರಿ ಕೋಸ್ಟಿನ ತಾಯಿ ಎಂಬ ಹೆಸರಿನ ಕಾಡಿನಲ್ಲಿ ಕ್ರಿಸ್ಟೋಫ್ ಬೋಶ್ ವಿವರಿಸಿದಂತೆ, ಕೆಂಪು ಕೊಲೊಬಸ್ ಎಂಬ ಕೋತಿಗಳನ್ನು ಕೆಲವು ಗಂಡುಗಳು ಅಟ್ಟಿದರೆ ಕೆಲವು ದಾರಿಗಟ್ಟುತ್ತವೆ, ಇನ್ನೊಂದು ಮುಂದೆ ಹೋಗಿ ಕಾದಿರುತ್ತದೆ. ಕೊಲ್ಲುವುದು ಕೈ ಮತ್ತು ಹಲ್ಲುಗಳಿಂದಲೇ. ಸೆನೆಗಲ್ಲಿನ ಫೊಂಗೋಲಿ ಎಂಬ ಒಣ ಬಯಲಿನ ಚಿಂಪಾಂಜಿಗಳದ್ದು ಬೇರೆ ಬಗೆ. ಜಿಲ್ ಪ್ರೂಯೆಟ್ಸ್ ಮತ್ತು ಪಾಕೊ ಬೆರ್ತೊಲಾನಿ 2007ರಲ್ಲಿ ವರದಿ ಮಾಡಿದಂತೆ ಅವು ಕೊಂಬೆಯೊಂದನ್ನು ಮುರಿದು, ಎಲೆ ಮತ್ತು ಕವಲು ಸವರಿ, ಕೆಲವೊಮ್ಮೆ ತುದಿಯನ್ನು ಹಲ್ಲಿನಿಂದ ಕಚ್ಚಿ ಚೂಪಾಗಿಸಿ, ಮರದ ಪೊಟರೆಯಲ್ಲಿ ಹಗಲು ಮಲಗಿರುವ ಬುಷ್‌ಬೇಬಿ ಎಂಬ ಪುಟ್ಟ ನಿಶಾಚರಿಯ ಮೇಲೆ ಬಲವಾಗಿ ತಿವಿಯುತ್ತವೆ, ಬಳಿಕ ತುದಿಯನ್ನು ಮೂಸಿ ನೋಡುತ್ತವೆ. ಇದನ್ನು ಹೆಚ್ಚಾಗಿ ಮಾಡುವುದು ಹೆಣ್ಣುಗಳು ಮತ್ತು ಎಳೆಯವು. ಬೇಟೆಯನ್ನು ಗಂಡಸಿನ ಸಾಹಸದೊಡನೆ ಮಾತ್ರ ಜೋಡಿಸುವ ಹಳೆಯ ರೂಢಿಗೆ ಇದೊಂದು ತಕ್ಕ ಉತ್ತರ. ಇಂಥ ಕೋಲು ಯಾವ ಗುಹೆಯಲ್ಲೂ ಪಳೆಯುಳಿಕೆಯಾಗಿ ಉಳಿಯದು.

ದೊಡ್ಡ ಪ್ರಾಣಿಗಳ ಮಾಂಸಕ್ಕೆ ಪೂರ್ವಜರು ಬೇರೆ ಮೃಗಗಳ ಬೇಟೆಯನ್ನೇ ನೆಚ್ಚಿಕೊಂಡಿರಬೇಕು. ಸಿಂಹ ತಿಂದುಬಿಟ್ಟ ಕಳೇಬರದಲ್ಲಿ ಮಾಂಸ ಮುಗಿದರೂ ಉದ್ದ ಮೂಳೆಗಳೊಳಗಿನ ಮಜ್ಜೆ, ತಲೆಯೊಳಗಿನ ಮಿದುಳು ಹಾಗೇ ಉಳಿಯುತ್ತವೆ, ಅವನ್ನು ತೆಗೆಯಲು ಹರಿತ ಅಂಚು ಬೇಡ, ಗುಂಡುಕಲ್ಲಿನಿಂದ ಜಜ್ಜಿದರೆ ಸಾಕು. ಚೂಪುಕಲ್ಲು ಬರುವ ಮೊದಲೇ ಮಜ್ಜೆಯ ರುಚಿ ಹತ್ತಿದ್ದಿರಬೇಕೆಂಬ ವಾದವನ್ನು ಜೆಸಿಕಾ ಥಾಂಪ್ಸನ್ ಮತ್ತು ಸಂಗಡಿಗರು 2019ರಲ್ಲಿ ಮಂಡಿಸಿದ್ದಾರೆ, ಮತ್ತು ಈಗಿರುವ ವಿವರಣೆಗಳಲ್ಲಿ ಇದು ಹೆಚ್ಚು ಮನವೊಪ್ಪುವಂತಿದೆ. ಡಿಕಿಕದಲ್ಲಿ ಸಿಕ್ಕ 34 ಲಕ್ಷ ವರ್ಷ ಹಿಂದಿನ ಎರಡು ಮೂಳೆಗಳ ಗೀರುಗಳನ್ನು ಕಲ್ಲಿನಿಂದ ಕೊಯ್ದ ಗುರುತುಗಳೆಂದು 2010ರಲ್ಲಿ ಪ್ರಕಟಿಸಲಾಯಿತಾದರೂ, ಮೊಸಳೆಯ ಹಲ್ಲು ಅಥವಾ ಪ್ರಾಣಿಗಳ ತುಳಿತದಿಂದಲೂ ಅಂಥ ಗೀರು ಮೂಡಬಹುದೆಂದು ಇತರರು ತೋರಿಸಿರುವುದರಿಂದ ಆ ವ್ಯಾಜ್ಯ ಇನ್ನೂ ತೀರಿಲ್ಲ.

ಪ್ರಾಣಿಯನ್ನು ಬಿಸಿಲಿನಲ್ಲಿ ಗಂಟೆಗಟ್ಟಲೆ ಬೆನ್ನಟ್ಟಿ, ಅದು ಬಳಲಿ ಕುಸಿದಾಗ ಕೊಲ್ಲುವ ದೀರ್ಘ ಓಟದ ಬೇಟೆಯನ್ನು ಜನಪ್ರಿಯ ಬರಹಗಳು ಆಯುಧವಿಲ್ಲದ ಕಾಲಕ್ಕೆ ಹೊಂದಿಸುವುದುಂಟು. ಕಲಹರಿಯ ಬೇಟೆಗಾರರಲ್ಲಿ ಈ ಪದ್ಧತಿಯನ್ನು ಲೂಯಿ ಲೀಬೆನ್‌ಬರ್ಗ್ ಕಣ್ಣಾರೆ ಕಂಡು ದಾಖಲಿಸಿದ್ದಾರೆ. ಆದರೆ ಅದಕ್ಕೆ ಬೇಕಾದ ಉದ್ದ ಕಾಲು, ಸ್ಪ್ರಿಂಗಿನಂತೆ ಪುಟಿಯುವ ಹಿಮ್ಮಡಿಯ ಸ್ನಾಯುರಜ್ಜು, ಓಡುವಾಗ ದೇಹವನ್ನು ಸ್ಥಿರವಾಗಿಡುವ ದೊಡ್ಡ ಪೃಷ್ಠಸ್ನಾಯು ಇವು ಹೋಮೊ ಕುಲದೊಡನೆ ಬಂದವೆಂದು ಡೆನ್ನಿಸ್ ಬ್ರಾಂಬಲ್ ಮತ್ತು ಡೇನಿಯಲ್ ಲೀಬರ್‌ಮನ್ 2004ರಲ್ಲಿ ಪ್ರತಿಪಾದಿಸಿದರು. ಅಷ್ಟು ಹೊತ್ತಿಗೆ ಕಲ್ಲಿನ ಉಪಕರಣಗಳು ಬಳಕೆಗೆ ಬಂದು ಬಹುಕಾಲವಾಗಿತ್ತು. ಗಿಡ್ಡ ಕಾಲಿನ ಲೂಸಿಯ ಬಳಗಕ್ಕೆ ಈ ಓಟವನ್ನು ಹೊರಿಸುವುದು ಸಲ್ಲದು.

ಉಪಕರಣ ಬಂದೊಡನೆ ಬೇಟೆಗಾರ ಮತ್ತು ಬೇಟೆಯ ಸ್ಥಾನಗಳೇನೂ ಅದಲುಬದಲಾಗಲಿಲ್ಲ. ತಾಂಜಾನಿಯದ ಓಲ್ಡುವಾಯ್ ಕಮರಿಯಲ್ಲಿ ಕಲ್ಲಿನ ಉಪಕರಣಗಳೊಡನೆ ದೊರೆತ, ಸುಮಾರು 18 ಲಕ್ಷ ವರ್ಷ ಹಿಂದಿನ ಹೋಮಿನಿನ್ ಪಾದದ ಮೂಳೆಗಳ ಮೇಲೆ ಮೊಸಳೆಯ ಹಲ್ಲಿನ ಗುರುತುಗಳಿವೆ. ಅದೇ ಕಮರಿಯ ಅಳಿದುಹೋದ ಮೊಸಳೆ ಪ್ರಭೇದಕ್ಕೆ 2010ರಲ್ಲಿ ನರಭಕ್ಷಕ ಎಂಬರ್ಥದ ವೈಜ್ಞಾನಿಕ ಹೆಸರನ್ನೇ ಇಡಲಾಯಿತು. ನಮ್ಮ ಕಾಲದಲ್ಲೂ ಮನುಷ್ಯ ಬೇಟೆಯಾಗುವುದು ತಪ್ಪಿಲ್ಲ: ತಾಂಜಾನಿಯದಲ್ಲೇ 1988ರಿಂದ 2009ರವರೆಗೆ ಹಳ್ಳಿಗರ ಮೇಲೆ ನಡೆದ ಸಿಂಹಗಳ ದಾಳಿಗಳನ್ನು ಪರಿಶೀಲಿಸಿದ ಕ್ರೇಗ್ ಪ್ಯಾಕರ್ ಅವರ ತಂಡ, ಹುಣ್ಣಿಮೆ ಕಳೆದ ಮರುದಿನಗಳಲ್ಲಿ, ಸೂರ್ಯ ಮುಳುಗಿ ಚಂದ್ರ ಇನ್ನೂ ಮೂಡದ ಕತ್ತಲ ಗಂಟೆಗಳಲ್ಲಿ ದಾಳಿ ಹೆಚ್ಚುತ್ತದೆಂದು ಕಂಡುಕೊಂಡಿತು.